ಕಲ್ಲುಮನೆಯೂ ಬೂದಿದಿಬ್ಬವೂ: ಓರ್ಕ್ನಿ ದ್ವೀಪಗಳಲ್ಲಿ ಮತ್ತು ಕರ್ನಾಟಕದ ಬಂಡೆಗುಡ್ಡಗಳಲ್ಲಿ ನೂತನ ಶಿಲಾಯುಗದ ವಸತಿಗಳು

ನೂತನ ಶಿಲಾಯುಗವೆಂದೊಡನೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ನೆನಪಾಗುವುದು ಸಾಮಾನ್ಯವಾಗಿ ದೂರದೇಶದ ಚಿತ್ರಗಳು. ಪಶ್ಚಿಮ ಏಷ್ಯದ ಜೆರಿಕೊ ನಗರದ ಕೋಟೆಗೋಡೆ, ಸ್ವಿಟ್ಜರ್‌ಲೆಂಡಿನ ಸರೋವರದ ಮನೆಗಳು, ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳ ಕಲ್ಲಿನ ಗ್ರಾಮ ಇವು ಪಠ್ಯಗ್ರಂಥಗಳಲ್ಲಿ ಪದೇ ಪದೇ ಬರುತ್ತವೆ. ಇವುಗಳ ಪಕ್ಕದಲ್ಲಿ ನಮ್ಮ ನಾಡಿನ ನೆಲೆಗಳಿಗೆ ದೊರೆಯುವ ಸ್ಥಳ ಒಂದೆರಡು ವಾಕ್ಯಗಳಷ್ಟೇ. ಇದರಿಂದಾಗಿ, ಅಲ್ಲಿಯವರು ಮನೆ ಕಟ್ಟಿದರು, ಇಲ್ಲಿಯವರು ಅಲೆದಾಡಿದರು ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಅರಿವಿಲ್ಲದೆಯೇ ನೆಲೆಗೊಳ್ಳುತ್ತದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಉತ್ತರ ಸಮುದ್ರದ ಆ ದ್ವೀಪಗಳ ವಸತಿಯನ್ನೂ ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಬಂಡೆಗುಡ್ಡಗಳ ವಸತಿಯನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡೋಣ.

1. ಓರ್ಕ್ನಿಯ ಗ್ರಾಮ

ಓರ್ಕ್ನಿ ದ್ವೀಪಸಮೂಹವು ಸುಮಾರು 59 ಅಂಶ ಉತ್ತರ ಅಕ್ಷಾಂಶದಲ್ಲಿದೆ. ಚಳಿಗಾಲದ ನಡುವೆ ಅಲ್ಲಿ ಹಗಲು ಆರು ಗಂಟೆಗಳಷ್ಟು ಮಾತ್ರ. ಕಡಲಗಾಳಿ ಬಿಡುವಿಲ್ಲದೆ ಬೀಸುವುದರಿಂದ ಮರಗಳು ಅತಿ ವಿರಳ. ಆದರೆ ಪ್ರಕೃತಿಯು ಅಲ್ಲಿಯ ಜನರಿಗೆ ಬೇರೊಂದು ಸಾಮಗ್ರಿಯನ್ನು ಧಾರಾಳವಾಗಿ ಕೊಟ್ಟಿದೆ. ಅಲ್ಲಿಯ ಮರಳುಗಲ್ಲು ತೆಳುವಾದ ಪದರಪದರಗಳಾಗಿ ಹಾಸಿಕೊಂಡಿದ್ದು, ಲೋಹದ ಉಪಕರಣವಿಲ್ಲದೆಯೇ ಹಲಗೆಯಂತೆ ಬಿಚ್ಚಿಕೊಳ್ಳುತ್ತದೆ. ಮರವಿಲ್ಲದ ನಾಡಿನಲ್ಲಿ ಕಲ್ಲೇ ಮರದ ಕೆಲಸವನ್ನು ಮಾಡಿತು.

1850ರಲ್ಲಿ ಬೀಸಿದ ಒಂದು ಭಾರಿ ಬಿರುಗಾಳಿಯು ಸ್ಕೇಲ್ ಕೊಲ್ಲಿಯ ದಂಡೆಯ ಮರಳದಿಬ್ಬವನ್ನು ಕಿತ್ತೊಗೆದಾಗ ಸ್ಕಾರಾ ಬ್ರೇ ಎಂಬ ಗ್ರಾಮದ ಗೋಡೆಗಳು ಹೊರಬಿದ್ದವು. 1928ರಿಂದ 1930ರವರೆಗೆ ಪ್ರಸಿದ್ಧ ಪ್ರಾಕ್ತನವಿಮರ್ಶಕರಾದ ಗಾರ್ಡನ್ ಚೈಲ್ಡ್ ಅವರು ಅಲ್ಲಿ ಉತ್ಖನನ ನಡೆಸಿದರು. ಒಂದಕ್ಕೊಂದು ಅಂಟಿಕೊಂಡಂತಿರುವ ಸುಮಾರು ಎಂಟು ಮನೆಗಳು, ಅವನ್ನು ಕೂಡಿಸುವ ತಗ್ಗಾದ ಮುಚ್ಚುದಾರಿಗಳು, ಬಗ್ಗಿ ಒಳಹೋಗಬೇಕಾದ ಬಾಗಿಲುಗಳು ಅಲ್ಲಿ ಉಳಿದುಬಂದಿವೆ. ಪ್ರತಿಯೊಂದು ಮನೆಯ ನಡುವೆ ಚೌಕಾಕಾರದ ಒಲೆ. ಎಡಬಲಗಳಲ್ಲಿ ಕಲ್ಲಹಲಗೆಗಳನ್ನು ನಿಲ್ಲಿಸಿ ಮಾಡಿದ ಮಲಗುವ ಸ್ಥಳ. ಬಾಗಿಲಿಗೆ ಎದುರಾಗಿ ಎರಡಂತಸ್ತಿನ ಕಲ್ಲಿನ ಅಟ್ಟಣಿಗೆ. ಐದು ಸಾವಿರ ವರ್ಷಗಳ ಹಿಂದಿನ ಗೃಹಸ್ಥನ ಮನೆಯೊಳಗೆ ಇಷ್ಟು ಸ್ಪಷ್ಟವಾಗಿ ಇಣುಕಿ ನೋಡುವ ಅವಕಾಶ ಪ್ರಪಂಚದಲ್ಲಿ ಬಹು ಅಪರೂಪ. ಅಲ್ಲಿಯ ಜನರು ದನ ಕುರಿಗಳನ್ನು ಸಾಕಿದರು, ಜವೆಗೋಧಿಯನ್ನು ಬೆಳೆದರು, ಮೀನು ಚಿಪ್ಪುಗಳನ್ನು ತಿಂದರು, ಗೀರುಗೆರೆಗಳ ಅಲಂಕಾರವುಳ್ಳ ಮಡಕೆಗಳನ್ನು ಕೈಯಿಂದಲೇ ಮಾಡಿದರು.

ಈ ಗ್ರಾಮದ ಕಟ್ಟಡದಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿಯೊಂದಿದೆ. ಮನೆಯ ಗೋಡೆಗಳನ್ನು ಬಯಲಿನಲ್ಲಿ ನಿಲ್ಲಿಸಿಲ್ಲ. ಹಳೆಯ ತಿಪ್ಪೆಯ ರಾಶಿಯಲ್ಲಿ ಹುದುಗಿಸಿ ಕಟ್ಟಿದ್ದಾರೆ. ಬೂದಿ, ಚಿಪ್ಪು, ಮೂಳೆ, ಕೊಳೆತ ಕಸಗಳೆಲ್ಲ ಸೇರಿ ಜೇಡಿಯಂತೆ ಗಟ್ಟಿಯಾದ ಆ ರಾಶಿಯು ಗೋಡೆಗೆ ಒತ್ತಾಸೆಯಾಗಿ ನಿಂತು ಚಳಿಗಾಳಿಯನ್ನು ತಡೆಯಿತು. ತಿಪ್ಪೆಯು ಅವರಿಗೆ ಬಿಸಾಡಿದ ವಸ್ತುವಾಗಿರದೆ ಕಟ್ಟಡದ ಸಾಮಗ್ರಿಯೇ ಆಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ನಾಡಿಗೆ ಬಂದಾಗ ಇದರ ಪ್ರಯೋಜನ ಕಾಣುತ್ತದೆ.

2. ಲೋಂಡಾದಿಂದ ಬಳ್ಳಾರಿಗೆ

ನಮ್ಮ ಭಾಗದ ವಿದ್ಯಾರ್ಥಿಯು ಕರ್ನಾಟಕದ ನೂತನ ಶಿಲಾಯುಗದ ಭೂಗೋಳವನ್ನು ತಿಳಿಯಬಯಸಿದರೆ ಅವನಿಗೆ ರೈಲುದಾರಿಗಿಂತ ಒಳ್ಳೆಯ ನಕಾಶೆ ಬೇಕಿಲ್ಲ. ಖಾನಾಪುರ ತಾಲೂಕಿನ ಲೋಂಡಾ ಸಹ್ಯಾದ್ರಿಯ ಅಂಚಿನಲ್ಲಿದೆ. ಅಲ್ಲಿ ಮಳೆ ಹೆಚ್ಚು, ಕಾಡು ದಟ್ಟ. ಅಲ್ಲಿಂದ ಮೂಡಲಿಗೆ ಹೊರಟು ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಯನ್ನು ಮುಟ್ಟುವಷ್ಟರಲ್ಲಿ ಕಾಡು ಹೋಗಿ ಎರೆಹೊಲ, ಎರೆಹೊಲ ಹೋಗಿ ಒಣಹುಲ್ಲಿನ ಬಯಲು, ಆ ಬಯಲ ನಡುವೆ ಒಂಟೊಂಟಿಯಾಗಿ ಎದ್ದ ಬೋಳು ಬಂಡೆಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಭೂವಿಜ್ಞಾನಿಗಳು ಇಂತಹ ಗುಡ್ಡಗಳಿಗೆ ಇನ್ಸೆಲ್‌ಬರ್ಗ್ ಎಂಬ ಜರ್ಮನ್ ಹೆಸರನ್ನು ಬಳಸುತ್ತಾರೆ. ದ್ವೀಪಗಿರಿ ಎಂದು ಅದರ ಅರ್ಥ. ನಮ್ಮ ನೂತನ ಶಿಲಾಯುಗದ ಜನರೂ ಒಂದು ಬಗೆಯ ದ್ವೀಪವಾಸಿಗಳೇ ಆಗಿದ್ದರು. ಅವರನ್ನು ಸುತ್ತುವರಿದಿದ್ದುದು ನೀರಲ್ಲ, ಹುಲ್ಲುಗಾವಲು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೂ ಇದೇ ಪಾಠವನ್ನು ಹೇಳುತ್ತದೆ. ಮಳೆನಾಡಿನ ನೀರನ್ನು ಹೊತ್ತು ಹೊರಟ ಈ ನದಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಕೆಳಕ್ಕೆ, ಕೃಷ್ಣೆ ಮತ್ತು ಭೀಮೆಯರ ನಡುವಿನ ಶೋರಾಪುರ ಪ್ರದೇಶ, ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಪ್ರದೇಶ, ತುಂಗಭದ್ರೆಯ ದಕ್ಷಿಣಕ್ಕಿರುವ ಬಳ್ಳಾರಿ ಪ್ರದೇಶ ಇವೇ ದಕ್ಷಿಣ ಭಾರತದ ನೂತನ ಶಿಲಾಯುಗದ ತವರು. ಮಳೆ ಕಡಿಮೆ, ಹುಲ್ಲು ಹೆಚ್ಚು, ಬಂಡೆಗಳ ಸಂದಿನಲ್ಲಿ ನಿಲ್ಲುವ ನೀರು, ಎತ್ತರದಲ್ಲಿ ಕಾವಲಿಗೆ ಅನುಕೂಲವಾದ ನೆಲೆ ಈ ನಾಲ್ಕೂ ದನಗಾಹಿಗಳಾದ ಆ ಜನರಿಗೆ ಅವಶ್ಯವಾಗಿದ್ದವು. ಸಹ್ಯಾದ್ರಿಯ ಮಡಿಲಿನಲ್ಲಿ ಇವು ಒಟ್ಟಾಗಿ ದೊರೆಯುವುದಿಲ್ಲ. ಅಲ್ಲದೆ ಮಳೆನಾಡಿನ ಆಮ್ಲಗುಣವುಳ್ಳ ಮಣ್ಣು ಮೂಳೆಯನ್ನು ಬೇಗ ಕರಗಿಸುತ್ತದೆ. ಆದುದರಿಂದ ಒಂದು ಪ್ರದೇಶದಲ್ಲಿ ಅವಶೇಷ ಕಾಣದಿರುವುದಕ್ಕೆ ಜನರ ಅಭಾವವೊಂದೇ ಕಾರಣವಾಗಬೇಕಾಗಿಲ್ಲ; ಮಣ್ಣಿನ ಸ್ವಭಾವವೂ ಕಾರಣವಾಗಬಹುದು.

3. ಗುಡ್ಡದ ಮನೆಗಳು

ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕುಪಗಲ್ಲು ಗುಡ್ಡಗಳ ಕಲ್ಲುಗೊಡಲಿಗಳನ್ನು ವಿದ್ವತ್ ಪ್ರಪಂಚಕ್ಕೆ ಪರಿಚಯಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರು ಇಲ್ಲಿಯ ಕೊಡಲಿ ತಯಾರಿಕೆಯ ನೆಲೆಯನ್ನು ಗುರುತಿಸಿದರು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಅಗೆದು 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, 1952ರಲ್ಲಿ ಎಫ್. ಆರ್. ಆಲ್ಚಿನ್ ಅವರು ಮುದಗಲ್ಲಿನ ಬಳಿಯ ಪಿಕ್ಳಿಹಾಳದಲ್ಲಿ, 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ಟೆಕ್ಕಲಕೋಟೆಯಲ್ಲಿ, 1965ರಲ್ಲಿ ನಾಗರಾಜರಾವ್ ಅವರು ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಉತ್ಖನನಗಳನ್ನು ಕೈಗೊಂಡರು.

ಇವೆಲ್ಲವುಗಳಿಂದ ಮೂಡಿಬರುವ ಮನೆಯ ಚಿತ್ರ ಹೀಗಿದೆ. ಗುಡ್ಡದ ಮೇಲಣ ಅಥವಾ ಇಳಿಜಾರಿನ ಸಮತಟ್ಟಾದ ಜಾಗವನ್ನು ಆರಿಸಿಕೊಳ್ಳುತ್ತಿದ್ದರು. ಜಾಗ ಸಾಲದಿದ್ದರೆ ಪಿಕ್ಳಿಹಾಳದಲ್ಲಿರುವಂತೆ ಒರಟುಕಲ್ಲಿನ ಒಡ್ಡು ಹಾಕಿ ಮೆಟ್ಟಿಲುಮೆಟ್ಟಿಲಾಗಿ ಮಾಡಿಕೊಳ್ಳುತ್ತಿದ್ದರು. ಮನೆ ಬಹುಮಟ್ಟಿಗೆ ದುಂಡಗಿನದು. ಸುತ್ತಲೂ ಮರದ ಕಂಬಗಳನ್ನು ನೆಟ್ಟು, ಬಿದಿರು ಕಡ್ಡಿಗಳ ತಡಿಕೆ ಹೆಣೆದು, ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ಬುಡದಲ್ಲಿ ಗುಂಡುಕಲ್ಲುಗಳ ಸಾಲು, ಒಳಗೆ ಬಡಿದು ಗಟ್ಟಿಮಾಡಿದ ನೆಲ, ಒಲೆ, ಬೀಸುವ ಕಲ್ಲು, ಕೈಯಿಂದ ಮಾಡಿ ಉಜ್ಜಿ ನಯಗೊಳಿಸಿದ ಬೂದುಬಣ್ಣದ ಮಡಕೆಗಳು ಇರುತ್ತಿದ್ದವು. ಎಳೆಯ ಮಕ್ಕಳು ತೀರಿಕೊಂಡರೆ ಮಡಕೆಯಲ್ಲಿಟ್ಟು ವಸತಿಯ ಒಳಗೇ ಹೂಳುವ ಪದ್ಧತಿ ಹಲವು ನೆಲೆಗಳಲ್ಲಿ ಕಂಡುಬಂದಿದೆ. ಮನೆಯೆಂಬುದು ಅವರಿಗೆ ಕೇವಲ ಆಸರೆಯ ತಾಣವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಲ್ಲಿನ ಗುಡ್ಡದ ಮೇಲೆಯೇ ವಾಸವಾಗಿದ್ದ ಜನರು ಕಲ್ಲಿನ ಮನೆಯನ್ನೇಕೆ ಕಟ್ಟಲಿಲ್ಲ? ಉತ್ತರವು ಶಿಲೆಯ ಜಾತಿಯಲ್ಲಿದೆ. ಬಳ್ಳಾರಿಯ ಗ್ರಾನೈಟ್ ಶಿಲೆಯು ಓರ್ಕ್ನಿಯ ಮರಳುಗಲ್ಲಿನಂತೆ ಹಲಗೆಯಾಗಿ ಬಿಚ್ಚುವುದಿಲ್ಲ. ಗುಂಡುಗಳಾಗಿ ಒಡೆದು ಉರುಳುತ್ತದೆ. ಕಬ್ಬಿಣದ ಉಳಿಯಿಲ್ಲದೆ ಅದನ್ನು ಗೋಡೆಗೆ ಹೊಂದುವಂತೆ ತಿದ್ದುವುದು ಬಹು ಕಷ್ಟ. ಮರ ಬಿದಿರುಗಳೋ ಕೈಗೆ ಸಿಗುವಂತಿದ್ದವು. ಉರಿಬಿಸಿಲಿನ ನಾಡಿಗೆ ತಡಿಕೆಯ ಗೋಡೆಯೇ ತಂಪು. ಆದುದರಿಂದ ಓರ್ಕ್ನಿಯವನು ಕಲ್ಲಿನಿಂದಲೂ ಬಳ್ಳಾರಿಯವನು ತಡಿಕೆಯಿಂದಲೂ ಮನೆ ಕಟ್ಟಿದುದಕ್ಕೆ ಬುದ್ಧಿಯ ಹೆಚ್ಚುಕಡಿಮೆ ಕಾರಣವಲ್ಲ. ಇಬ್ಬರೂ ತಮ್ಮ ನೆಲ ಕೊಟ್ಟುದನ್ನು ವಿವೇಕದಿಂದ ಬಳಸಿಕೊಂಡರು. ಒಬ್ಬನ ಸಾಮಗ್ರಿ ಉಳಿಯಿತು, ಇನ್ನೊಬ್ಬನದು ಗೆದ್ದಲಿಗೆ ಹೋಯಿತು.

ಶಿಲ್ಪಜ್ಞಾನದ ವಿಷಯದಲ್ಲಿ ನಮ್ಮವರೇನೂ ಹಿಂದೆ ಬಿದ್ದಿರಲಿಲ್ಲ. ಕುಪಗಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಹೋಗುವ ಡಾಲರೈಟ್ ಎಂಬ ಕರಿಶಿಲೆಯ ಪಟ್ಟೆಯೊಂದಿದೆ. ಆ ಶಿಲೆಯೇ ಕೊಡಲಿಗೆ ಯೋಗ್ಯವೆಂದು ಅವರು ಕಂಡುಕೊಂಡರು. ಅದನ್ನು ಚಕ್ಕೆಯೆಬ್ಬಿಸಿ ರೂಪಕ್ಕೆ ತಂದು, ಕುಟ್ಟಿ, ಬಂಡೆಯ ಮೇಲೆ ನೀರುಹಾಕಿ ಉಜ್ಜಿ ಹೊಳಪು ತರುತ್ತಿದ್ದರು. ಹಾಗೆ ಉಜ್ಜಿದ ತಗ್ಗುಗಳು ಬಂಡೆಗಳ ಮೇಲೆ ಇನ್ನೂ ಉಳಿದಿವೆ. ಕ್ರಿ. ಪೂ. ಎರಡನೆಯ ಸಹಸ್ರಮಾನದ ಮಧ್ಯಭಾಗದ ನಂತರ ಇಲ್ಲಿಯ ಉತ್ಪಾದನೆ ಊರಿನ ಅವಶ್ಯಕತೆಯನ್ನು ಮೀರಿ ಬೆಳೆಯಿತು. ಅದೇ ಕರಿಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ; ಬಡಿದು ಬಡಿದು ಆದ ಗುಳಿಗಳೂ ಅವುಗಳಲ್ಲಿವೆ.

4. ಬೂದಿದಿಬ್ಬದ ರಹಸ್ಯ

ಕರ್ನಾಟಕದ ನೂತನ ಶಿಲಾಯುಗಕ್ಕೆ ವಿಶಿಷ್ಟವಾದ ಮತ್ತೊಂದು ಅವಶೇಷವೆಂದರೆ ಬೂದಿದಿಬ್ಬ. ಬಳ್ಳಾರಿ ಮತ್ತು ಹೊಸಪೇಟೆಗಳ ನಡುವಣ ಕುಡತಿನಿಯ ಬಳಿ, ಕುಪಗಲ್ಲಿನಲ್ಲಿ, ಹಂಪೆಯ ಸಮೀಪದ ನಿಂಬಾಪುರದಲ್ಲಿ ಇಂತಹ ದಿಬ್ಬಗಳಿವೆ. ದಕ್ಷಿಣ ಭಾರತದಲ್ಲಿ ಗುರುತಿಸಲ್ಪಟ್ಟವುಗಳ ಸಂಖ್ಯೆ ನೂರಕ್ಕಿಂತ ಹೆಚ್ಚು. ಕೆಲವು ಆಳೆತ್ತರವನ್ನು ಮೀರಿ ಬೆಳೆದಿವೆ. ಅವುಗಳಲ್ಲಿ ಮೃದುವಾದ ಬೂದಿಯ ಪದರಗಳೂ, ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟದ ಪದರಗಳೂ ಒಂದರ ಮೇಲೊಂದಿರುತ್ತವೆ. ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ದೇಹವನ್ನು ದಹಿಸಿದ ಬೂದಿಯೆಂದು ನಂಬುತ್ತ ಬಂದಿದ್ದಾರೆ. ವಿದ್ವಾಂಸರಲ್ಲಿಯೂ ಜ್ವಾಲಾಮುಖಿ, ಲೋಹ ಕರಗಿಸುವ ಕುಲುಮೆ, ಸಾಮೂಹಿಕ ದಹನ ಮೊದಲಾದ ಊಹೆಗಳು ಹುಟ್ಟಿದವು.

ಇದು ದನದ ಸಗಣಿಯ ಬೂದಿಯೆಂದು ಬ್ರೂಸ್ ಫೂಟ್ ಅವರೇ ಸೂಚಿಸಿದ್ದರು. ಎಫ್. ಇ. ತ್ಸೋಯ್ನರ್ ಅವರು ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1959ರಲ್ಲಿ ಆ ಅಭಿಪ್ರಾಯವನ್ನು ಸ್ಥಿರಪಡಿಸಿದರು. 1957ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ಬೂದಿಯಲ್ಲಿ ಅಚ್ಚೊತ್ತಿದ ಗೊರಸಿನ ಗುರುತುಗಳೂ ದೊರೆತವು. ದೊಡ್ಡಿಯಲ್ಲಿ ಸಗಣಿ ಕೂಡುವುದು, ಕಾಲಕಾಲಕ್ಕೆ ಅದನ್ನು ಸುಡುವುದು, ಮತ್ತೆ ದೊಡ್ಡಿಯನ್ನು ಕಟ್ಟುವುದು ಹೀಗೆ ಹಲವು ತಲೆಮಾರುಗಳ ಆವರ್ತನೆಯಿಂದ ದಿಬ್ಬ ಬೆಳೆಯಿತು. ಇಂತಹ ಸುಡುವಿಕೆಯಲ್ಲಿ ಹಬ್ಬದ ಆಚರಣೆಯ ಅಂಶವಿದ್ದಿತೆಂಬುದು ಆಲ್ಚಿನ್ ಅವರ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನು ಬಲ್ಲವರಿಗೆ ಈ ಅಭಿಪ್ರಾಯ ಅಪರಿಚಿತವೆನಿಸದು. ಆದರೆ ಹೋಲಿಕೆಯನ್ನೇ ಪರಂಪರೆಯ ಪ್ರಮಾಣವೆಂದು ಹಿಡಿಯುವುದು ಇತಿಹಾಸಕಾರನಿಗೆ ತರವಲ್ಲ.

ದೊಡ್ಡಿಯ ಜನರು ಎಲ್ಲಿ ವಾಸವಾಗಿದ್ದರು ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. 1989ರಿಂದ ಹಲವು ವರ್ಷ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಶೋರಾಪುರ ತಾಲೂಕಿನ ಬೂದಿಹಾಳದಲ್ಲಿ ವಿಸ್ತಾರವಾದ ಉತ್ಖನನ ನಡೆಸಿ, ಬೂದಿದಿಬ್ಬದ ಪಕ್ಕದಲ್ಲಿಯೇ ಮನೆಗಳು, ಮಕ್ಕಳ ಸಮಾಧಿಗಳು, ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ಅಂಗಳ ಇವನ್ನೆಲ್ಲ ಬಯಲಿಗೆ ತಂದರು. ದಿಬ್ಬವು ಊರಿನಿಂದ ದೂರವಾದ ಒಂಟಿ ದೊಡ್ಡಿಯಲ್ಲ, ಊರಿನ ಒಂದು ಭಾಗ ಎಂಬುದು ಇದರಿಂದ ವಿಶದವಾಯಿತು.

ಈಗ ಓರ್ಕ್ನಿಯ ತಿಪ್ಪೆಯನ್ನು ನೆನೆಯಬಹುದು. ಅಲ್ಲಿ ತಿಪ್ಪೆ ಗೋಡೆಗೆ ಬೆಂಬಲವಾಯಿತು. ಇಲ್ಲಿ ತಿಪ್ಪೆ ಬೆಂಕಿಗೆ ಆಹಾರವಾಗಿ ದಿಬ್ಬವಾಯಿತು. ಅರಸರ ಶಾಸನವಿಲ್ಲದ ಆ ಕಾಲದ ಚರಿತ್ರೆಯನ್ನು ಎರಡೂ ಕಡೆ ನಮಗಾಗಿ ಕಾಪಾಡಿದುದು ತಿಪ್ಪೆಯೇ. ಊರಿನ ಕೀರ್ತಿ ಅಡಗಿರುವುದು ಅರಮನೆಯಲ್ಲಿ ಎಂದು ತಿಳಿದವರಿಗೆ ಇದು ಸೋಜಿಗವಾಗಿ ಕಂಡೀತು. ಪ್ರಾಕ್ತನವಿಮರ್ಶಕನಿಗೆ ಮಾತ್ರ ಇದು ನಿತ್ಯದ ಅನುಭವ.

ಆಹಾರದ ವಿಷಯದಲ್ಲಿಯೂ ಹೊಸ ಬೆಳಕು ಬಿದ್ದಿದೆ. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬುವಾವಾನ್, ಡೋರಿಯನ್ ಫುಲ್ಲರ್ ಮುಂತಾದವರು ಸಂಗನಕಲ್ಲಿನಲ್ಲಿ ನಡೆಸಿದ ಸಂಶೋಧನೆಯಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಕಾದ ಬೀಜಗಳನ್ನು ಪರೀಕ್ಷಿಸಲಾಯಿತು. ಕೊರಲೆ, ನವಣೆಯ ಕುಲದ ಒಂದು ಹುಲ್ಲುಧಾನ್ಯ, ಹುರುಳಿ, ಹೆಸರು ಇವೇ ಮುಖ್ಯ ಬೆಳೆಗಳೆಂದು ತಿಳಿದುಬಂದಿತು. ಗೋಧಿ ಮತ್ತು ಜವೆಗೋಧಿಗಳು ಹೊರಗಿನಿಂದ ಬಂದು ಅಲ್ಪ ಪ್ರಮಾಣದಲ್ಲಿ ಸೇರಿಕೊಂಡವು. ಕೃಷಿಯ ಪಾಠವನ್ನು ನಮ್ಮ ನಾಡು ಸಂಪೂರ್ಣವಾಗಿ ಪರರಿಂದ ಕಲಿಯಿತೆಂಬ ಹಳೆಯ ಮಾತಿಗೆ ಈಗ ಆಧಾರವಿಲ್ಲ. ಬಡವರ ಕಾಳೆಂದು ನಾವು ಕಡೆಗಣಿಸಿದ ಹುರುಳಿಗೆ ನಾಲ್ಕು ಸಾವಿರ ವರ್ಷಗಳ ವಂಶಾವಳಿಯಿದೆ.

5. ಕಾಲನಿರ್ಣಯದ ಪಾಠ

ಈ ಎರಡು ನಾಡುಗಳ ಸಂಶೋಧನೆಯ ಚರಿತ್ರೆಯಲ್ಲಿ ಒಂದು ಸಾಮ್ಯವಿದೆ. ಚೈಲ್ಡ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಕಾರಾ ಬ್ರೇಯನ್ನು ಪಿಕ್ಟ್ ಜನರ ಗ್ರಾಮವೆಂದು, ಅಂದರೆ ಕಬ್ಬಿಣಯುಗದ್ದೆಂದು ಹೇಳಿದರು. ಮಡಕೆಗಳ ಹೋಲಿಕೆಯಿಂದ ಅದು ನೂತನ ಶಿಲಾಯುಗದ್ದೆಂದು ಮುಂದೆ ತಿಳಿದುಬಂದರೂ, 1970ರ ದಶಕದ ಇಂಗಾಲ-14 ಪರೀಕ್ಷೆಯಿಂದಲೇ ಅದರ ಕಾಲ ಕ್ರಿ. ಪೂ. ಸುಮಾರು 3100ರಿಂದ 2500 ಎಂದು ದೃಢಪಟ್ಟಿತು. ವ್ಹೀಲರ್ ಅವರು ಬ್ರಹ್ಮಗಿರಿಯ ಕಲ್ಲುಗೊಡಲಿ ಸಂಸ್ಕೃತಿಯನ್ನು ಕ್ರಿ. ಪೂ. ಒಂದನೆಯ ಸಹಸ್ರಮಾನದ ಆದಿಭಾಗದಲ್ಲಿ ಆರಂಭಿಸಿ ಕ್ರಿ. ಪೂ. 200ರವರೆಗೆ ಎಳೆದಿದ್ದರು. ಅದರಂತೆ ಅಶೋಕನ ಶಾಸನ ಕೆತ್ತುವ ಕಾಲಕ್ಕೂ ಇಲ್ಲಿ ಕಲ್ಲುಗೊಡಲಿಯೇ ಬಳಕೆಯಲ್ಲಿತ್ತೆಂದಾಗುತ್ತಿತ್ತು. 1960ರ ದಶಕದಿಂದ ಉತ್ನೂರು, ಟೆಕ್ಕಲಕೋಟೆ, ಹಳ್ಳೂರು ಮೊದಲಾದ ನೆಲೆಗಳ ಇದ್ದಿಲನ್ನು ಪರೀಕ್ಷಿಸಿದ ಮೇಲೆ ಚಿತ್ರವೇ ಬದಲಾಯಿತು. ಈಗ ದಕ್ಷಿಣದ ನೂತನ ಶಿಲಾಯುಗವನ್ನು ಕ್ರಿ. ಪೂ. ಸುಮಾರು 3000ರಿಂದ 1200ರವರೆಗೆ ಇಡುತ್ತಾರೆ.

ಇಂಗಾಲ-14ರ ತತ್ತ್ವ ಸರಳವಾದುದು. ಜೀವವಿರುವವರೆಗೆ ಗಿಡ, ಪ್ರಾಣಿಗಳು ವಾತಾವರಣದಿಂದ ಈ ವಿಕಿರಣಶೀಲ ಇಂಗಾಲವನ್ನು ಪಡೆಯುತ್ತಿರುತ್ತವೆ. ಸತ್ತ ಮೇಲೆ ಪಡೆಯುವುದು ನಿಂತು ಅದು ಕ್ಷಯಿಸತೊಡಗುತ್ತದೆ. ಸುಮಾರು 5730 ವರ್ಷಗಳಲ್ಲಿ ಅರ್ಧದಷ್ಟು ನಶಿಸುತ್ತದೆ. ಉಳಿದ ಪ್ರಮಾಣವನ್ನು ಅಳೆದರೆ ಮರಣದ ಕಾಲ ತಿಳಿಯುತ್ತದೆ. ಮರಗಳ ವರ್ಷವಲಯಗಳೊಡನೆ ಹೋಲಿಸಿ ಈ ಲೆಕ್ಕವನ್ನು ತಿದ್ದಿಕೊಳ್ಳಬೇಕು. ಸಾಹಿತ್ಯ, ನಾಣ್ಯ, ಶಾಸನಗಳ ನೆರವಿಲ್ಲದ ಕಾಲಕ್ಕೆ ಇದ್ದಿಲ ತುಂಡೊಂದು ಪಂಚಾಂಗವಾಗುವುದು ಹೀಗೆ.

ಇಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಓರ್ಕ್ನಿಯಲ್ಲಿ ಮೇಸ್‌ಹೌದಂತಹ ಕಲ್ಲುಕೋಣೆಯ ಸಮಾಧಿಗಳು ನೂತನ ಶಿಲಾಯುಗದವೇ. ಗೋಕಾಕ ತಾಲೂಕಿನ ಕೊಣ್ಣೂರು, ಐಹೊಳೆಯ ಮೇಗುಟಿ ಬೆಟ್ಟ ಇಲ್ಲೆಲ್ಲ ಕಾಣುವ ಕಲ್ಲುಚಪ್ಪಡಿಯ ಸಮಾಧಿಗಳನ್ನು ನೋಡಿ ಅವೂ ಅದೇ ಯುಗದವೆಂದು ಹೇಳಬಾರದು. ಎ. ಸುಂದರ ಅವರು ವಿಸ್ತಾರವಾಗಿ ಅಭ್ಯಸಿಸಿದ ಈ ಬೃಹತ್ ಶಿಲಾಸಮಾಧಿಗಳು ಮುಖ್ಯವಾಗಿ ಕಬ್ಬಿಣಯುಗಕ್ಕೆ ಸೇರಿದವು. ಓರ್ಕ್ನಿಯಲ್ಲಿ ಜೀವಂತರಿಗೂ ಮೃತರಿಗೂ ಒಂದೇ ಯುಗದಲ್ಲಿ ಕಲ್ಲಿನ ಮನೆ ದೊರೆಯಿತು. ನಮ್ಮಲ್ಲಿ ಕಲ್ಲಿನ ಮನೆ ಮೊದಲು ದೊರೆತುದು ಮೃತರಿಗೆ, ಅದೂ ಬಹುಕಾಲದ ನಂತರ. ಕಲ್ಲು ಒಂದೇ ತೆರನಾಗಿ ಕಂಡರೂ ಕಾಲ ಒಂದೇ ಅಲ್ಲ.

6. ಉಳಿಸಿಕೊಳ್ಳುವ ಹೊಣೆ

ಓರ್ಕ್ನಿಯ ಗ್ರಾಮವನ್ನು ಹೊರಗೆಡವಿದ ಕಡಲೇ ಇಂದು ಅದಕ್ಕೆ ಭಯವನ್ನೂ ತಂದಿದೆ. 1924ರ ಬಿರುಗಾಳಿಯಲ್ಲಿ ಒಂದು ಭಾಗ ಕೊಚ್ಚಿಹೋದ ಮೇಲೆ ಅಲ್ಲಿಯವರು ತಡೆಗೋಡೆ ಕಟ್ಟಿದರು; 1999ರಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ತಾಣವಾಯಿತು. ಆದರೂ ದಂಡೆಯ ಸವೆತ ನಿಂತಿಲ್ಲ. ನಮ್ಮ ಗುಡ್ಡಗಳಿಗೆ ಕಡಲಿನ ಭಯವಿಲ್ಲ, ಭಯವಿರುವುದು ಮನುಷ್ಯನಿಂದ. ಬೂದಿದಿಬ್ಬಗಳನ್ನು ಹೊಲಕ್ಕೆ ಗೊಬ್ಬರವಾಗಿ ಸಾಗಿಸಿದ್ದಾರೆ, ಉಳುಮೆಗೆ ಸಮಮಾಡಿದ್ದಾರೆ. ಕುಪಗಲ್ಲು, ಸಂಗನಕಲ್ಲುಗಳ ಬಂಡೆಗಳು ಕಲ್ಲುಗಣಿಯ ಬಾಯಿಗೆ ಬಿದ್ದು ಚಿತ್ರಗಳಿಗೂ ನೆಲೆಗಳಿಗೂ ಹಾನಿ ತಟ್ಟಿದೆ. ಪೂರ್ವಿಕರು ಕೊಡಲಿ ಮಾಡಿದ ಶಿಲೆ ಜಲ್ಲಿಯಾಗಿ ರಸ್ತೆಗೆ ಬೀಳುತ್ತಿದೆ. ರೈತನನ್ನಾಗಲಿ ಕಲ್ಲು ಒಡೆಯುವ ಕೂಲಿಯನ್ನಾಗಲಿ ದೂರಿ ಫಲವಿಲ್ಲ. ಆ ದಿಬ್ಬ ಏನೆಂಬುದನ್ನು ಅವರಿಗೆ ತಿಳಿಯಹೇಳುವ ಕರ್ತವ್ಯ ವಿದ್ಯಾವಂತರದಾಗಿತ್ತು.

ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಗಿ ಸಂಗನಕಲ್ಲಿನ ವಸ್ತುಗಳು ಪ್ರದರ್ಶಿತವಾಗಿರುವುದು ಸಮಾಧಾನದ ಸಂಗತಿ. ಆದರೆ ಸಂಗ್ರಹಾಲಯವು ಗುಡ್ಡಕ್ಕೆ ಬದಲಾಗಲಾರದು. ಕೊಡಲಿಯೊಂದನ್ನು ಅದರ ನೆಲೆಯಿಂದ ಎತ್ತಿ ತಂದರೆ ಅದು ನಯವಾದ ಕಲ್ಲು ಮಾತ್ರ. ಯಾವ ಪದರದಲ್ಲಿ, ಯಾವ ಮಡಕೆಯ ಜೊತೆ, ಯಾವ ಒಲೆಯ ಪಕ್ಕದಲ್ಲಿ ಇತ್ತೆಂಬುದು ತಿಳಿದಾಗಲೇ ಅದು ಚರಿತ್ರೆ. ಆದಕಾರಣ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ಕಲ್ಲುಗಳನ್ನು ಆಯ್ದು ತರುವ ಅಭ್ಯಾಸವನ್ನು ಬಿಡಿಸಬೇಕು. ಕಂಡುದನ್ನು ಇದ್ದಲ್ಲಿಯೇ ಬಿಟ್ಟು, ಊರು, ಹೊಲ, ಗುಡ್ಡದ ಹೆಸರು, ಅಳತೆ, ದಿನಾಂಕಗಳನ್ನು ಬರೆದುಕೊಂಡು, ಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೆ ತಿಳಿಸುವ ಕ್ರಮವನ್ನು ಕಲಿಸಬೇಕು. ಹಳ್ಳಿಯ ಹಿರಿಯರು ದಿಬ್ಬಕ್ಕೆ ಹೇಳುವ ಹೆಸರು, ಕಥೆಗಳೂ ಬರವಣಿಗೆಗೆ ಬರಬೇಕು. ವಾಲಿಯ ಕಥೆಯಿಂದಾಗಿಯೇ ನಿಂಬಾಪುರದ ದಿಬ್ಬ ಜನರ ಗೌರವಕ್ಕೆ ಪಾತ್ರವಾಗಿ ಬಂದಿದೆ ಎಂಬುದನ್ನು ಮರೆಯಲಾಗದು.

ಓರ್ಕ್ನಿಯ ಕಲ್ಲುಮನೆಯನ್ನು ಓದಿ ಮೆಚ್ಚುವುದು ಯೋಗ್ಯವೇ. ಆದರೆ ಅದೇ ಕಾಲದಲ್ಲಿ ನಮ್ಮ ಗುಡ್ಡಗಳ ಮೇಲೆ ತಡಿಕೆಯ ಮನೆಯಲ್ಲಿದ್ದು, ದನವನ್ನು ಕಾದು, ಹುರುಳಿಯನ್ನು ಬಿತ್ತಿ, ಬಂಡೆಯಿಂದ ನಾದವನ್ನು ಹೊರಡಿಸಿದ ಜನರನ್ನು ಅರಿಯದೆ ಆ ಮೆಚ್ಚುಗೆ ಪೂರ್ಣವಾಗದು. ಗೋಡೆ ಉಳಿದವರದಷ್ಟೇ ನಾಗರಿಕತೆ ಎಂಬ ಅಳತೆಗೋಲನ್ನು ನಮ್ಮ ಪಾಠದ ಕೋಣೆಯಿಂದ ಹೊರಗಿಟ್ಟರೆ, ನಮ್ಮ ಪ್ರಾಕ್ತನ ಚರಿತ್ರೆಯನ್ನು ಪಠ್ಯಗ್ರಂಥದ ಒಂದೆರಡು ವಾಕ್ಯಗಳಾಚೆಗೆ ಬೆಳೆಸಲು ಹಾದಿ ತಾನಾಗಿ ತೆರೆಯುತ್ತದೆ.